ಎಂಟನೆಯ ಫಲಕದ ಹಿಂಬದಿ

ನವೆಂಬರ್ 6, ಬುಧವಾರ. ಬೆಳಗ್ಗೆ 7.40

ಐದನೇ ಸಲ ತೊಳೆದೆ. ನೀರು ಇನ್ನೂ ಹಾಲಿನಂತಿದೆ. ಗಾಜಿನ ಪುಡಿಯಿಂದ ಈ ಬಿಳಿ ಕಲಕು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಬಣ್ಣ ಮಂಕು. ಬೆರಳು ಮರಗಟ್ಟಿವೆ. ಎಂಟಕ್ಕೆ ಕರೆಂಟ್ ಬರುತ್ತದೆ, ಹನ್ನೆರಡಕ್ಕೆ ಹೋಗುತ್ತದೆ. ಅಷ್ಟರೊಳಗೆ ಕುಲುಮೆ ಕಾಯಬೇಕು, ಬೇಯಿಸಿ ಮುಗಿಸಬೇಕು. ಯುದ್ಧ ಶುರುವಾದಮೇಲೆ ಲ್ವಿವ್‌ನಲ್ಲಿ ಎಲ್ಲರ ಬದುಕೂ ಕರೆಂಟಿನ ಶೆಡ್ಯೂಲ್ ಮೇಲೆ.

ಫಸ್ಟ್ ಇಯರ್ ಪ್ರಾಕ್ಟಿಕಲ್. ಕ್ಲಾಸಿನ ಬೇರೆಯವರಿಗೆಲ್ಲ ದೊಡ್ಡ ಸ್ಟುಡಿಯೋ ಸಿಕ್ಕಿತು. ನನಗೆ ಈ ನೆಲಮಾಳಿಗೆ, ಪಾನ್ ಲ್ಯುಬೊಮಿರ್, ಪಾನಿ ಸ್ಟೆಫಾ. ಗಂಡ ಹೆಂಡತಿ; ಇಲ್ಲಿ ಪಾನ್ ಎಂದರೆ ಯಜಮಾನರು, ಪಾನಿ ಎಂದರೆ ಯಜಮಾನಿ. ನಲವತ್ತು ವರ್ಷದಿಂದ ತಾಮ್ರದ ಮೇಲೆ ಎನಾಮೆಲ್, ಅಂದರೆ ಬಣ್ಣದ ಗಾಜಿನ ಪುಡಿ, ಕರಗಿಸುತ್ತಿದ್ದಾರೆ. ಪಾನ್ ಚಿತ್ರ ಬರೆಯುತ್ತಾರೆ, ಪಾನಿ ಗೆರೆಯೊಳಗೆ ಪುಡಿ ತುಂಬುತ್ತಾರೆ. ಕುಲುಮೆಯ ಮುಂದೆ ಇಬ್ಬರೂ. ಪಾನಿ ಜೋರಾಗಿ ಎಣಿಸುತ್ತಾರೆ, ಪಾನ್ ಕುಲುಮೆ ಬಾಗಿಲ ಸಂದಿಯಲ್ಲಿ ಕಾವಿನ ಬಣ್ಣ ನೋಡಿ ಫಲಕ ಹೊರಗೆಳೆಯುತ್ತಾರೆ. ಟೈಮರ್ ಇಲ್ಲ.

ಮೊದಲ ದಿನ ಕೇಳಿದ್ದೆ, ಯಾಕಿಲ್ಲ ಎಂದು.

"ಟೈಮರ್ ಯಾಕಮ್ಮ ಇಂಗ್ಲಿಷ್ ರಾಣಿ? ಇವಳಿದಾಳಲ್ಲ. ನಲವತ್ತು ವರ್ಷದಿಂದ ಒಂದು ಸೆಕೆಂಡೂ ನನ್ನ ಬಿಟ್ಟಿಲ್ಲ."

"ಬಿಟ್ಟಿದ್ರೆ ನೀನು ಎಂದೋ ಬೂದಿ ಆಗಿರ್ತಿದ್ದೆ" ಅಂದರು ಪಾನಿ ತಲೆ ಎತ್ತದೆ.

ಅಪ್ಪ ಇಂಗ್ಲಿಷರು, ಲೀಡ್ಸ್‌ನವರು ಎಂದು ಹೇಳಿದಂದಿನಿಂದ ನಾನು ರಾಣಿ. ಯಾರಿನಾ ಎಂದು ಕರೆಯುವುದು ಬೈಯುವಾಗ ಮಾತ್ರ.

ಅದೇ ದಿನ, ಮಧ್ಯಾಹ್ನ

ಇದನ್ನು ಬರೆಯಲೇಬೇಕೆಂದಿಲ್ಲ. ಆದರೂ.

ಒಂಬತ್ತು ಫಲಕ ಸೇರಿ ಒಂದು ಚಿತ್ರ. ಸೇಬಿನ ತೋಟ, ಅದರ ನಡುವೆ ಮದುವೆಹೆಣ್ಣು. ಡಿಸೆಂಬರ್ ಒಂದಕ್ಕೆ ಇಬ್ಬರ ನಲವತ್ತು ವರ್ಷದ ಕೆಲಸದ ಎಕ್ಸಿಬಿಷನ್, ಅದರ ಎದುರುಗೋಡೆಗೆ. ಎಂಟನೆಯದರಲ್ಲಿ ಹೆಣ್ಣಿನ ಕೊರಳು, ಕೊರಳಲ್ಲಿ ಹವಳದ ಸರ. ಅದಕ್ಕೊಂದು ಹಳೆಯ ಕೆಂಪು ಪುಡಿ ಇಟ್ಟಿದ್ದಾರೆ. ಅದನ್ನು ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಉಳಿದಿರುವುದು ಎರಡು ಚಮಚ.

ನನ್ನ ಕೆಲಸ ಹಿಂಬದಿ ಮಾತ್ರ. ತಾಮ್ರದ ಮುಂದೆ ಎಷ್ಟು ಗಾಜೋ ಹಿಂದೆಯೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಆರುವಾಗ ತಾಮ್ರ ಒಂದು ಕಡೆ ಎಳೆಯುತ್ತದೆ, ಗಾಜು ಬಿರಿಯುತ್ತದೆ. ಕೆಲವೊಮ್ಮೆ ಅದೇ ಗಳಿಗೆಯಲ್ಲಿ, ಕೆಲವೊಮ್ಮೆ ಎಷ್ಟೋ ದಿನ ಬಿಟ್ಟು. ಯಾರೂ ನೋಡದ ಕಡೆ, ಆದ್ದರಿಂದ ಉಳಿದುಬಳಿದ ಪುಡಿಗಳ ಮಿಶ್ರಣ ಸಾಕು.

ಏಳು ಫಲಕಕ್ಕೆ ಸರಿಯಾಗಿ ಹಾಕಿದೆ. ಎಂಟನೆಯದಕ್ಕೆ ಬಂದಾಗ ಜಾಡಿಯಲ್ಲಿ ತಳ ಕಂಡಿತು.

ಕೇಳಬೇಕಿತ್ತು. ಆದರೆ ಬೆಳಗಿನಿಂದ ಮೂರು ಸಲ ಕೇಳಿ ಆಗಿತ್ತು... ಮೂರನೇ ಸಲ ಪಾನಿ, "ಯಾರಿನಾ, ದೇವರು ಕಣ್ಣು ಕೊಟ್ಟಿರೋದು ನೋಡೋಕೆ. ಎಲ್ಲಾನೂ ಬಾಯಿಂದಾನೇ ಮಾಡ್ಬೇಡ" ಅಂದಿದ್ದರು. ಇದ್ದದ್ದನ್ನೇ ಎಳೆದು ಎಳೆದು ಸವರಿದೆ, ಕಾವಲಿಗೆ ಎಣ್ಣೆ ಒರೆಸಿದ ಹಾಗೆ. ಒಂಬತ್ತನೆಯದಕ್ಕೆ ಪಾನಿಯೇ ಬಂದು ಹೊಸ ಜಾಡಿ ತೆರೆದರು. ಆಗಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಎಂಟನೆಯದು ಕುಲುಮೆಯಲ್ಲಿತ್ತು.

ಬೆಂದು ಹೊರಬಂದಾಗ ಎಲ್ಲ ಒಂದೇ ತರ ಕಂಡವು. ಬಹುಶಃ ಏನೂ ಆಗಲಿಕ್ಕಿಲ್ಲ.

ನವೆಂಬರ್ 9, ಶನಿವಾರ

ಇವತ್ತು ಕೆಂಪು.

ಪಾನಿ ಒಂದೊಂದು ಹವಳವನ್ನೂ ಕುಂಚದ ತುದಿಯಿಂದ ಇಟ್ಟರು. ಮೂರು ಗಂಟೆ. ಚಮಚದಲ್ಲಿ ಉಳಿದದ್ದನ್ನೂ ಕೆರೆದರು. ಕುಲುಮೆಯ ಮೇಲೆ ಒಣಗಿಸಿ ಒಳಗಿಟ್ಟರು. ನಾನು ಪಾನ್ ಪಕ್ಕದಲ್ಲೇ ನಿಂತಿದ್ದೆ, ಮುಖಕ್ಕೆ ಬಿಸಿ ಹೊಡೆಯುವಷ್ಟು ಹತ್ತಿರ. ಪಾನಿ ಎಣಿಸುತ್ತಿದ್ದರು. ಒಳಗೆ ಕಡುಗೆಂಪು, ಆಮೇಲೆ ಕಿತ್ತಳೆ. ಹಳದಿಗೆ ತಿರುಗುವ ಮೊದಲೇ ತೆಗೆಯಬೇಕು. ಪಾನ್ ತೆಗೆದರು. ಕಿತ್ತಳೆಯಲ್ಲೇ, ನೋಡಿದ್ದೇನೆ.

ಆರುತ್ತ ಆರುತ್ತ ಕಪ್ಪು ಹೋಗಿ ಕೆಂಪು ಬಂತು. ಮೊದಲ ಹಿಮ ತಾಗಿದ ಕಲೀನಾ ಹಣ್ಣಿನ ಕೆಂಪು. ಪಾನ್ ಮೆಲ್ಲಗೆ, "ಸ್ಟೆಫಾ, ನಿಮ್ಮಮ್ಮನ ಸರ" ಅಂದರು. ಪಾನಿ ಮೂಗು ಒರೆಸಿಕೊಂಡು, "ನಮ್ಮಮ್ಮನ ಕುತ್ತಿಗೆ ಇಷ್ಟು ಉದ್ದ ಇರ್ಲಿಲ್ಲ. ನೀನು ಕೊಕ್ಕರೆ ಬರೆದಿದೀಯ" ಅಂದರು.

ಹಾಸ್ಟೆಲ್‌ಗೆ ನಡೆದೇ ಬಂದೆ. ಖುಷಿ. ನಿಜಕ್ಕೂ.

ನವೆಂಬರ್ 12, ಮಂಗಳವಾರ

ಬಿರಿಯಿತು.

ಹನ್ನೊಂದು ಗಂಟೆ. ಮೂವರೂ ಟೀ ಕುಡಿಯುತ್ತಿದ್ದೆವು. ಗೋಡೆಗೆ ಒರಗಿಸಿದ್ದ ಫಲಕದಿಂದ ಉಗುರು ಕತ್ತರಿಸಿದಂಥ ಸದ್ದು. ಅಷ್ಟೇ. ಪಾನಿ ಕಪ್ ಕೆಳಗಿಡುವ ಮೊದಲೇ ನನಗೆ ಗೊತ್ತಾಯಿತು ಯಾವುದು ಎಂದು.

ಹವಳದ ಸರದ ಅಡ್ಡಕ್ಕೆ, ಭುಜದಿಂದ ಗದ್ದದವರೆಗೆ, ಕೂದಲೆಳೆಯಷ್ಟು ಗೆರೆ. ಅಂಚಿನಲ್ಲಿ ಒಂದು ಚೂರು ಹಾರಿ ತಾಮ್ರ ಕಾಣುತ್ತಿತ್ತು.

ಪಾನ್ ಲ್ಯುಬೊಮಿರ್ ಫಲಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ನಾನೇ ತಡ ಮಾಡಿದೆ. ಜಾಸ್ತಿ ಬೆಂದಿದೆ. ಬಣ್ಣ ಗೊತ್ತಾಗ್ಲಿಲ್ಲ ನಂಗೆ."

"ಹಿಂದುಗಡೆ ನೋಡೋಣ ಕೊಡು" ಎಂದು ಪಾನಿ ಅವರ ಕೈಯಿಂದ ತೆಗೆದುಕೊಂಡರು. ಕಿಟಕಿಗೆ ಹಿಡಿದು ತಿರುಗಿಸಿದರು. ನಾನು ನೆಲ ನೋಡಿದೆ.

"ಹಿಂದೆ ಸರಿಯಾಗೇ ಇದೆ" ಅಂದರು. ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅವರಿಗೆ ಕಾಣಲಿಲ್ಲವೇ? ಬದುಕಿದೆ ಅಂದುಕೊಂಡೆ. ಥೂ. ಆ ಮನುಷ್ಯ ಅಲ್ಲೇ ಕೂತು ತಮ್ಮ ಎರಡೂ ಕೈ ನೋಡಿಕೊಳ್ಳುತ್ತಿದ್ದರು, ನಾನು ಬದುಕಿದೆ ಅಂದುಕೊಂಡೆ.

ಒಂಬತ್ತನೇ ವಯಸ್ಸಿಗೆ ಹಾಸ್ಟೆಲ್ ಸೇರಿದವಳು. ಅಲ್ಲಿ ಕಲಿತ ಮೊದಲ ಪಾಠ: ಯಾರು ಮಾಡಿದ್ದು ಎಂದು ವಾರ್ಡನ್ ಕೇಳಿದಾಗ ನೆಲ ನೋಡಬೇಕು. ಇಪ್ಪತ್ತು ಜನ ನೆಲ ನೋಡಿದರೆ ಯಾರೂ ಮಾಡಿಲ್ಲ ಎಂದರ್ಥ. ಇಲ್ಲಿ ನೆಲ ನೋಡಲು ನಾನೊಬ್ಬಳೇ ಇದ್ದೆ.

ನವೆಂಬರ್ 13

ಹೋಗಲಿಲ್ಲ. ಜ್ವರ ಎಂದು ಮೆಸೇಜ್ ಹಾಕಿದೆ. ಜ್ವರ ಇಲ್ಲ.

ಅಪ್ಪ ಫೋನ್ ಮಾಡಿದ್ದರು. ಹೆಸರು ಹೇಳದೆ ವಿಷಯ ಹೇಳಿದೆ. "ಸಾರಿ ಅಂದುಬಿಡು ಪುಟ್ಟಾ, ಮುಗೀತು." ಅಪ್ಪನಿಗೆ ಎಲ್ಲವೂ ಸಾರಿಯಲ್ಲಿ ಮುಗಿಯುತ್ತದೆ. ಅಮ್ಮನ ಜೊತೆಗಿನ ಸಂಸಾರವೂ ಹಾಗೇ ಮುಗಿದದ್ದು.

ನವೆಂಬರ್ 20, ಬುಧವಾರ

ಒಂದು ವಾರ ಆದಮೇಲೆ ಹೋದೆ. ಪಾನ್ ಲ್ಯುಬೊಮಿರ್ ಇರಲಿಲ್ಲ. ಮೇಲೆ ಮನೆಯಲ್ಲೇ ಇದ್ದಾರಂತೆ, ನೆಲಮಾಳಿಗೆಗೆ ಇಳಿಯುತ್ತಿಲ್ಲ. ಪಾನಿ ಒಬ್ಬರೇ ಕುಲುಮೆಯ ಮುಂದೆ, ತಾವೇ ಎಣಿಸಿ ತಾವೇ ತೆಗೆಯುತ್ತಿದ್ದರು. ಬಾಯಲ್ಲೇ ಎಣಿಕೆ, ಸದ್ದಿಲ್ಲ.

ಹೇಳಿದೆ. ನಿಂತಲ್ಲೇ, ಕೋಟು ಬಿಚ್ಚದೆ. ಜಾಡಿ ಮುಗಿದದ್ದು, ಕೇಳದೆ ಸವರಿದ್ದು, ಎಲ್ಲ.

ಪಾನಿ ಫಲಕ ಹೊರಗೆಳೆಯುವ ಉದ್ದ ಫೋರ್ಕ್ ಕೆಳಗಿಟ್ಟರು. "ಗೊತ್ತು" ಅಂದರು.

"ಗೊತ್ತಾ?"

"ನಲವತ್ತು ವರ್ಷ ಹಿಂಬದಿ ಬಳಿದವಳು ನಾನು, ಮಗಳೇ. ಬೆಳಕಿಗೆ ಹಿಡಿದ ಕೂಡ್ಲೇ ಗೊತ್ತಾಯ್ತು. ಮಧ್ಯದಲ್ಲಿ ತಾಮ್ರ ಇಣುಕ್ತಿತ್ತು."

"ಮತ್ತೆ ಸರಿ ಇದೆ ಅಂದ್ರಲ್ಲ..."

ಸ್ಟೂಲ್ ಎಳೆದು ಕೂತರು. ನನಗೆ ಕೂರು ಅನ್ನಲಿಲ್ಲ.

"ಅವನಿಗೆ ಡಾಕ್ಟ್ರು ಎರಡು ಸಲ ಹೇಳಿದಾರೆ, ಇನ್ನೂ ಆ ಬೆಂಕಿ ನೋಡಿದ್ರೆ ಇರೋ ಕಣ್ಣೂ ಹೋಗುತ್ತೆ ಅಂತ. ನಾನು ಅತ್ತು ಕೂಗಾಡಿ ಹೇಳ್ದೆ, ಮೆಣಸು ಹಾಕಿದ ವೋಡ್ಕಾ ಕುಡಿಸಿ ಸಮಾಧಾನದಲ್ಲೂ ಹೇಳ್ದೆ. ಕೇಳಿದ್ನಾ? ವಸಂತದಲ್ಲಿ ಮೊಣಕೈವರೆಗೆ ಸುಟ್ಕೊಂಡ, ಬೆಕ್ಕು ಪರಚ್ತು ಅಂದ. ನಮ್ಮನೇಲಿ ಬೆಕ್ಕೇ ಇಲ್ಲ." ಕುಲುಮೆಯ ಕಡೆ ಒಮ್ಮೆ ನೋಡಿದರು. "ಈಗ ತಾನಾಗೇ ಬಿಟ್ಟಿದಾನೆ. ಒಂದು ಫಲಕ ಹೋಯ್ತು, ಹೋಗ್ಲಿ. ನೀನು ಬಾಯಿ ಮುಚ್ಕೊಂಡಿರು. ಅದೇ ನೀನು ನಂಗೆ ಮಾಡೋ ಉಪಕಾರ."

ನಿರಾಳ ಆಗಬೇಕಿತ್ತು. ಸುಮ್ಮನಿರು ಎಂದು ಅವರೇ ಹೇಳಿದರಲ್ಲ. ಟ್ರಾಮ್‌ನಲ್ಲಿ ಕೂತು ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ನವೆಂಬರ್ 23, ಶನಿವಾರ

ಪಾನಿ ಬೋರ್ಶ್ ಸೂಪಿನ ಪಾತ್ರೆ ಕೊಟ್ಟು ಮೇಲೆ ಕಳಿಸಿದರು. ಪಾನ್ ಲ್ಯುಬೊಮಿರ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ದಪ್ಪ ದಪ್ಪ ಸಿಪ್ಪೆ, ಅರ್ಧ ಆಲೂಗಡ್ಡೆ ಅದರಲ್ಲೇ.

"ಬಾ ರಾಣಿ. ನೋಡು, ಇದನ್ನೂ ಹಾಳು ಮಾಡ್ತಿದೀನಿ."

ನಕ್ಕೆ. ನಗಬಾರದಿತ್ತು.

ಚಾಕು ಇಟ್ಟು ಕೇಳಿದರು, "ನಿಜ ಹೇಳು. ನೀನು ಪಕ್ಕದಲ್ಲೇ ಇದ್ದೆ. ಎಳೆ ಕಣ್ಣು. ನಾನು ತೆಗ್ದಾಗ ಒಳಗೆ ಯಾವ ಬಣ್ಣ ಇತ್ತು?"

ಕಿತ್ತಳೆ ಎಂಬ ಒಂದು ಮಾತು ಸಾಕಿತ್ತು.

"ನೋಡ್ಲಿಲ್ಲ" ಅಂದೆ.

ತಲೆಯಾಡಿಸಿ ಮತ್ತೆ ಆಲೂಗಡ್ಡೆ ತೆಗೆದುಕೊಂಡರು. "ನೋಡ್ಬೇಕಮ್ಮ. ನಮ್ಮ ಕೆಲಸದಲ್ಲಿ ಇರೋದೇ ಅದೊಂದು." ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಹೇಳುವ ಹಾಗೆ, ಅಷ್ಟೇ.

ಡಿಸೆಂಬರ್ 1, ಭಾನುವಾರ

ಎಕ್ಸಿಬಿಷನ್. ಎದುರುಗೋಡೆಯಲ್ಲಿ ಎಂಟೇ ಫಲಕ. ಮೇಲೆ ಮದುವೆಹೆಣ್ಣಿನ ಮುಖ. ಕೊರಳು ಇರಬೇಕಾದಲ್ಲಿ ಸುಣ್ಣದ ಗೋಡೆ. ಬೇರೆ ಕೆಂಪಿನಲ್ಲಿ ಮಾಡೋಣ ಎಂದರೆ ಪಾನ್ ಒಪ್ಪಲಿಲ್ಲವಂತೆ.

ಪಾನ್ ಇಸ್ತ್ರಿ ಮಾಡಿದ ಕಸೂತಿ ಅಂಗಿ ಹಾಕಿಕೊಂಡು ಆ ಖಾಲಿ ಜಾಗದ ಪಕ್ಕದಲ್ಲೇ ನಿಂತಿದ್ದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ಅದನ್ನ ನನ್ನ ಕಣ್ಣು ತಿಂದುಬಿಡ್ತು!" ಜನ ನಗುತ್ತಿದ್ದರು. ಮೊದಲ ಐದಾರು ಸಲ ಅವರೂ ನಕ್ಕರು. ಆಮೇಲೆ ಮಾತು ಮಾತ್ರ ಬರುತ್ತಿತ್ತು. ಪಾನಿ ಸ್ಟೆಫಾ ಆ ಗೋಡೆಯ ಕಡೆ ಬೆನ್ನು ಹಾಕಿ ಇಡೀ ಸಂಜೆ ಅತಿಥಿಗಳ ಕೋಟು ಇಸಿದುಕೊಂಡರು.

ಎಷ್ಟು ಜನ ಕೇಳಿದರು ಎಂದು ಲೆಕ್ಕ ಇಡಲಿಲ್ಲ. ಇಡುವ ಧೈರ್ಯ ಇರಲಿಲ್ಲ.

ಡಿಸೆಂಬರ್ 4, ಬುಧವಾರ. ಮಧ್ಯಾಹ್ನ 2

ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಪಾನ್ ಲ್ಯುಬೊಮಿರ್ ಕೆಳಗೆ ಬಂದರು. ಪಾನಿಯ ಮುಖ ಬಿಳುಪೇರಿತು. ಪಾನ್ ನನ್ನ ಕೈಗೆ ಆ ಉದ್ದ ಫೋರ್ಕ್ ಕೊಟ್ಟು, "ಇನ್ಮೇಲೆ ತೆಗೆಯೋದು ನೀನು. ಸ್ಟೆಫಾಗೆ ಒಂದು ಜೊತೆ ಕಣ್ಣು ಬೇಕಲ್ಲ. ನನ್ನ ಕೆಟ್ಟ ಕಣ್ಣನ್ನ ಇಲ್ಲಿಡ್ತೀನಿ" ಎಂದು ಕುಲುಮೆಗೆ ಬೆನ್ನು ಮಾಡಿ ಸ್ಟೂಲ್ ಮೇಲೆ ಕೂತರು. ಚಿಕ್ಕ ಫಲಕ, ನೀಲಿ ಹಕ್ಕಿ. ಒಳಗಿಟ್ಟೆ. ಪಾನಿ ಎಣಿಸತೊಡಗಿದರು.

"ಬಣ್ಣ ಹೇಳ್ತಾ ಹೋಗು" ಅಂದರು ಪಾನ್, ಗೋಡೆ ನೋಡುತ್ತ.

"ಕಪ್ಪು... ಕಡುಗೆಂಪು."

"ಹೂಂ."

"ಕೆಂಪು. ಪಾನ್ ಲ್ಯುಬೊಮಿರ್, ಈಗ ಕಿತ್ತಳೆ. ಅವತ್ತು ನೀವು ತೆಗ್ದಾಗಲೂ ಇದೇ ಬಣ್ಣ ಇತ್ತು. ನಾನು ನೋಡಿದ್ದೆ. ನೀವು ತಡ ಮಾಡ್ಲಿಲ್ಲ. ಹಿಂಬದಿ ತೆಳು ಬಳಿದವಳು ನಾನು."

ಎಣಿಕೆ ನಿಂತಿತು.

ಪಾನ್ ತಿರುಗಿದರು. ನನ್ನ ಕಡೆ ನೋಡಲೇ ಇಲ್ಲ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಅದಕ್ಕೆ ಸಿದ್ಧವಾಗಿದ್ದೆ. ಅವರು ನೋಡಿದ್ದು ಪಾನಿಯನ್ನು.

"ಸ್ಟೆಫಾ. ಹಿಂದುಗಡೆ ನೋಡಿದ್ದು ನೀನಲ್ವಾ?"

ಪಾನಿ ಸ್ಟೆಫಾ ಏಪ್ರನ್ ಅಂಚನ್ನು ಹಿಡಿದುಕೊಂಡು ನಿಂತಿದ್ದರು.

"ನಿಂಗೆ ಗೊತ್ತಿತ್ತು" ಅಂದರು ಪಾನ್. ಕೇಳಿದ ಹಾಗೆ ಅಲ್ಲ.

ಸಂದಿಯಲ್ಲಿ ಕಿತ್ತಳೆ ಹೋಗಿ ಹಳದಿ ಬರುತ್ತಿತ್ತು. ಇಬ್ಬರಿಗೂ ಗೊತ್ತು. ಇಬ್ಬರೂ ಅಲುಗಾಡಲಿಲ್ಲ. ಫೋರ್ಕ್ ನನ್ನ ಕೈಯಲ್ಲೇ ಇತ್ತು, ತೆಗೆಯಬೇಕಾದವಳು ನಾನೇ, ಆದರೆ ಅವರಿಬ್ಬರ ನಡುವೆ ಹಾದು ಆ ಬಾಗಿಲು ತೆರೆಯುವುದು ಹೇಗೆ ಎಂದು ತಿಳಿಯದೆ ನಿಂತೆ, ನೀಲಿ ಹಕ್ಕಿ ಒಳಗೇ ಸುಟ್ಟುಹೋಯಿತು.