ಮೂರನೇ ಅಧ್ಯಾಯದಲ್ಲಿ ಅತ್ತೆ ಸಾಯುತ್ತಾಳೆ

ಹುಡುಗಿಯರ ಹಾಸ್ಟೆಲ್, ಪೆನಾಂಗ್
ಏಳನೇ ತಿಂಗಳು, ಹುಣ್ಣಿಮೆ ಕಳೆದ ಗುರುವಾರ

ಪ್ರೀತಿಯ ಅತ್ತೆ,

ಲೇ ಪೆಂಗ್ ಮಾಡುವ ನಮಸ್ಕಾರ. ಎದೆನೋವು ಈಗ ಹೇಗಿದೆ? ಗಂಜಿ ಕುಡಿಯುತ್ತಿದ್ದೀರೋ, ಇಲ್ಲ ಅದಕ್ಕೆ ಉಪ್ಪಿಲ್ಲವೆಂದು ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದೀರೋ? "ಬಾಯಿ ಇನ್ನೂ ಜೋರಾಗಿದೆ, ಹೆದರ್ಕೋಬೇಡ" ಎಂದು ಅಣ್ಣ ಫೋನಿನಲ್ಲಿ ನಕ್ಕ. ಆಮೇಲೆ ದನಿ ತಗ್ಗಿಸಿ, "ಶನಿವಾರ ಆಪರೇಷನ್. ಬರ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡು" ಎಂದ. ಟೆಸ್ಟ್ ಇದೆ ಎಂದೆ. ಅವನು ಫೋನಿಟ್ಟುಬಿಟ್ಟ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಬಾರದಿರುವುದಕ್ಕೆ ನಿಜವಾದ ಕಾರಣವನ್ನು ನಿಮಗೆ ಬರೆದೇ ತಿಳಿಸಬೇಕು. ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ ಎನ್ನುವುದನ್ನು ದಾಟಿ ಹೋದವರೇ ಅಲ್ಲವಲ್ಲ.

ಈ ಕಾಗದವನ್ನು ಯಾರಾದರೂ ಒಡೆದು ಓದಿದರೆ ನೀವು ನನ್ನ ಅಪ್ಪನ ತಂಗಿ ಎಂದುಕೊಂಡಾರು. ಹೆತ್ತವಳನ್ನು ಅತ್ತೆ ಎಂದು ಕರೆಯುವ ಮಕ್ಕಳು ನಮ್ಮ ಬೀದಿಯಲ್ಲಿ ಇನ್ನೂ ಇದ್ದರು, ಹಾಗಾಗಿ ಚಿಕ್ಕವಳಿದ್ದಾಗ ನನಗದು ವಿಚಿತ್ರ ಅನ್ನಿಸಿರಲಿಲ್ಲ. ನಮ್ಮ ಚೀನೀ ಪಂಚಾಂಗದಂತೆ ನಾನು ಹುಟ್ಟಿದ್ದು ಹುಲಿಯ ವರ್ಷದಲ್ಲಿ, ನೀವು ಮಂಗನ ವರ್ಷದಲ್ಲಿ; ಎರಡಕ್ಕೂ ಆಗಿಬರುವುದಿಲ್ಲವಂತೆ. ಗುಡಿಯ ಮುದುಕ ಲೆಕ್ಕ ಹಾಕಿ, "ಈ ಕೂಸು ನಿನ್ನನ್ನ ತಿಂದ್ಹಾಕುತ್ತೆ ಕಣಮ್ಮ. ಅಮ್ಮ ಅಂತ ಕರೆಸ್ಕೋಬೇಡ, ಹತ್ತಿರ ಇಟ್ಕೋಬೇಡ" ಎಂದನಂತೆ. ಅಪ್ಪ ನನ್ನನ್ನು ಹಾಸ್ಟೆಲ್ ಶಾಲೆಗೆ ಸೇರಿಸಿದರು. ಅಲ್ಲಿ ಇಂಗ್ಲಿಷ್ ಅರ್ಧ ಹತ್ತಿತು, ಮನೆಮಾತು ಅರ್ಧ ತುಕ್ಕು ಹಿಡಿಯಿತು. ನಿಮಗೆ ಜ್ವರ ಬಂದಾಗಲೆಲ್ಲ ನನ್ನನ್ನು ದೊಡ್ಡಪ್ಪನ ಮನೆಗೆ ಸಾಗಿಸುತ್ತಿದ್ದರು. ನಿಮ್ಮ ಹಾಸಿಗೆಯ ಹತ್ತಿರ ನಾನು ಒಂದು ದಿನವೂ ಕೂತವಳಲ್ಲ.

ಈಗ ಕಾಲೇಜಿನ ವಿಷಯ. ನಾನು ಈ ಕೋರ್ಸಿಗೆ ಸೇರಿದಾಗ ನೀವು, "ಕಾದಂಬರಿ ಓದೋಕೂ ಕಾಲೇಜು ಬೇಕಾ? ನಮ್ಮ ಮೀನಿನ ಅಂಗಡಿಯೋಳು ಬಕೆಟ್ ಮೇಲೆ ಕೂತೇ ದಿನಕ್ಕೊಂದು ಮುಗಿಸ್ತಾಳೆ" ಎಂದಿದ್ದಿರಿ. ಇಲ್ಲಿ ಓದುವುದಷ್ಟೇ ಅಲ್ಲ ಅತ್ತೆ, ಬರೆಯಲೂ ಬೇಕು. ಪುವಾನ್ ರೋಹಾನಾ ನಮ್ಮ ಮೇಡಂ. ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಪುಟ್ಟ ಕಾದಂಬರಿ ಕೊಡಬೇಕು. ಬರೆದ ಅಧ್ಯಾಯಕ್ಕೆ ಹೆಸರು ಹಾಕುವಂತಿಲ್ಲ. ಎಲ್ಲರೂ ಅದನ್ನು ಓದಿಕೊಂಡು ಬಂದು ಕ್ಲಾಸಿನಲ್ಲಿ ಹರಿದು ಹಾಕುತ್ತಾರೆ. ಬರೆದವರು ಅಲ್ಲೇ ಕೂತು, ಅದು ತನ್ನದಲ್ಲ ಎನ್ನುವ ಮುಖ ಮಾಡಿಕೊಂಡು ತೆಪ್ಪಗಿರಬೇಕು.

ಹಾಸ್ಟೆಲ್ ಬಿಟ್ಟರೆ ಬೇರೆ ಬದುಕು ಕಾಣದ ನನಗೆ ಬರೆಯಲು ಇದ್ದವರು ನೀವೊಬ್ಬರೇ. ಮೂರನೇ ಅಧ್ಯಾಯದಲ್ಲಿ ನನ್ನ ಶಾಲೆಯ ದಿನಗಳ ಭಾನುವಾರಗಳ ಸಂಗತಿ ಬರೆದೆ. ನೀವು ನಮ್ಮೂರಾದ ತೈಪಿಂಗ್‌ನಿಂದ ಬಸ್ ಹಿಡಿದು ಬಂದು, ನಿಮ್ಮ ಅಂಗಡಿಯ ತರಕಾರಿ ತುಂಬಿದ ಪೋಪಿಯಾ ಸುರುಳಿಗಳ ಪೊಟ್ಟಣವನ್ನು ಗೇಟಿನ ವಾಚ್‌ಮನ್ ಕೈಗೆ ಕೊಟ್ಟು, ರಸ್ತೆಯಾಚೆ ಮರದ ಕೆಳಗೆ ನಿಂತು, ನಾನು ತಿಂದು ಮುಗಿಸುವವರೆಗೂ ನೋಡುತ್ತಿದ್ದುದು. ಅಧ್ಯಾಯದ ಕೊನೆಗೆ ಆ ಅತ್ತೆ ಸಾಯುತ್ತಾಳೆ. ಕ್ಷಮಿಸಿ. ಸಾಯಿಸಿದ್ದು ನಾನೇ.

ಸೋಮವಾರ ಅದರ ಸರದಿ ಬಂತು. ಕದಿರೇಶನ್ ಅಂತ ಒಬ್ಬ ಬಾಯಿಬಡುಕ ಇದ್ದಾನೆ. "ಈ ಅತ್ತೆ ಇಷ್ಟು ದೂರ ಬಂದು ಒಳಗೇ ಬರಲ್ವಂತೆ! ಗೇಟಿಗೇನು ಕರೆಂಟ್ ಬಿಟ್ಟಿದ್ರಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗಲೇಬೇಕಿತ್ತು. ಇನ್ನೊಬ್ಬಳು, "ಕೊನೇಲಿ ಸುಮ್ನೆ ಸತ್ತಳು. ಬರೆದೋರಿಗೆ ಊಟದ ಹೊತ್ತಾಗಿತ್ತು ಅನ್ಸುತ್ತೆ" ಎಂದಳು. ಮೇಡಂ ಮಾತ್ರ ನಗಲಿಲ್ಲ. "ನಿಜವಾಗ್ಲೂ ಹೀಗೇ ನಡೀತು ಅನ್ನೋದು ಕಾದಂಬರೀಲಿ ಸಬೂಬಾಗಲ್ಲ. ಈ ಹೆಂಗಸು ಯಾಕೆ ಸಾಯಲೇಬೇಕಿತ್ತು? ಬರೆದವರು ಮನೆಗೆ ಹೋಗಿ ತಮ್ಮನ್ನ ತಾವೇ ಕೇಳ್ಕೊಳ್ಳಿ" ಎಂದರು. ಉತ್ತರ ನನಗೆ ಗೊತ್ತಿತ್ತು. ಬಾಯಿ ತೆರೆಯುವಂತಿರಲಿಲ್ಲ.

ರೂಮಿಗೆ ಬಂದು ಸ್ವೀ ಚೂಗೆ ಹೇಳಿದೆ. ಅವಳು ನನ್ನ ರೂಮ್‌ಮೇಟ್, ಕತೆ ಪುಸ್ತಕ ಮುಟ್ಟುವವಳಲ್ಲ. ಹೌಹಾರಿದಳು. "ಏಳನೇ ತಿಂಗಳಲ್ಲಿ, ಸತ್ತೋರೆಲ್ಲ ಬೀದಿ ಬೀದಿ ಅಲೀತಿರೋವಾಗ, ಬದುಕಿರೋರ ಸಾವು ಬರೀತಾರೇನೇ ಮಾರಾಯ್ತಿ? ಮೊದಲು ಅದನ್ನ ಇಲ್ಲದ ಹಾಗೆ ಮಾಡು!"

ಆ ಸಂಜೆಯೇ ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋಗಿ ಬೀದಿ ಮೂಲೆಯ ತಗಡಿನ ಡ್ರಮ್ಮಿನಲ್ಲಿ ಸುಟ್ಟೆ. ಪಕ್ಕದಲ್ಲಿ ಒಂದು ಸಂಸಾರ ತಮ್ಮ ಅಜ್ಜನಿಗೆ ಕಾಗದದ ಅಂಗಿ, ಕಾಗದದ ಚಪ್ಪಲಿ, ಕಾಗದದ ನೋಟು ಸುಡುತ್ತಿತ್ತು. "ತಗೋ ಅಜ್ಜ, ಈ ಸಲ ಮೊಬೈಲೂ ಇದೆ" ಎಂದು ಮೊಮ್ಮಗಳು ಕೂಗಿದಳು. ಆಗಲೂ ನನಗೆ ಹೊಳೆಯಲಿಲ್ಲ ನೋಡಿ.

ಪಕ್ಕದ ಬಯಲಿನಲ್ಲಿ ಈ ತಿಂಗಳು ಸತ್ತವರಿಗಾಗಿ ಆಡುವ ನಾಟಕ ನಡೆದಿತ್ತು. ಮುಂದಿನ ಸಾಲಿನ ಕುರ್ಚಿಗಳು ಎಂದಿನಂತೆ ಖಾಲಿ, ಕಣ್ಣಿಗೆ ಕಾಣದ ಪ್ರೇಕ್ಷಕರಿಗಾಗಿ ಬಿಟ್ಟವು. ಡ್ರಮ್ಮಿನಿಂದ ನನ್ನ ಹಾಳೆಯ ಅರೆಸುಟ್ಟ ತುಂಡೊಂದು ಗಾಳಿಗೆ ಎದ್ದು, ತಲೆಗಳ ಮೇಲೆ ತೇಲಿಹೋಗಿ ಆ ಸಾಲಿನ ಒಂದು ಕುರ್ಚಿಯ ಮೇಲೆ ಇಳಿಯಿತು. ಗಾಳಿ ಇತ್ತು, ಆದರೂ ಅದು ಅಲುಗಲಿಲ್ಲ. ಮಡಿಲಲ್ಲಿ ಹಿಡಿದು ಓದುವವರ ಕೈಯಲ್ಲಿ ಇದ್ದ ಹಾಗೆ ನಿಂತೇ ಇತ್ತು. ಓಡಿಬಂದೆ.

"ಎಲ್ಲಿ ಸುಟ್ಟೆ?" ಸ್ವೀ ಚೂ ಕೇಳಿದಳು.

ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ದಡ್ಡಿ, ಆ ಡ್ರಮ್ಮಲ್ಲಿ ಸುಟ್ಟಿದ್ದು ಹಾಳಾಗಲ್ಲ ಕಣೇ, ಸತ್ತೋರಿಗೆ ತಲುಪುತ್ತೆ! ಹರಿದು ಕಸಕ್ಕೆ ಹಾಕೋಕೆ ಏನಾಗಿತ್ತು ನಿನಗೆ?"

ನಿಮ್ಮ ಸಾವನ್ನು ನಾನೇ ಬರೆದು ನಾನೇ ಅಲ್ಲಿಗೆ ರವಾನಿಸಿದ್ದೆ. ಮಂಗಳವಾರ ಬೆಳಿಗ್ಗೆ ಅಣ್ಣನ ಫೋನು ಬಂತು. ಅಂಗಡಿಯಲ್ಲಿ ಪೋಪಿಯಾ ಸುತ್ತುತ್ತಿದ್ದವರು ಹಾಗೇ ಕುಸಿದಿರಿ ಎಂದ.

ನೀವು ಬಯ್ಯುತ್ತೀರಿ. ನಿಮ್ಮ ರಕ್ತನಾಳ ಹಿಂದಿನ ವರ್ಷದಿಂದಲೇ ಕಟ್ಟಿಕೊಂಡಿತ್ತೆಂದು ಡಾಕ್ಟರು ಹೇಳಿದ್ದಾರಂತೆ. ಅದು ನನ್ನ ತಲೆಗೆ ಅರ್ಥವಾಗುತ್ತದೆ. ಕಾದಂಬರಿಯ ಮನುಷ್ಯರು ಬರೀ ಕಾಗದ ಎಂದು ನೋಟ್ಸಿನಲ್ಲಿ ಬರೆದುಕೊಂಡವಳೂ ನಾನೇ. ಆದರೆ ಕಣ್ಣು ಮುಚ್ಚಿದರೆ ಆ ಕುರ್ಚಿ ಕಾಣುತ್ತದೆ, ಯಾರೋ ಮುಂದಿನ ಅಧ್ಯಾಯಕ್ಕಾಗಿ ಕಾಯುತ್ತಿರುವ ಹಾಗೆ. ಹುಟ್ಟಿದ್ದರಿಂದ ಒಂದು ಅಪಾಯ, ಬರೆದದ್ದರಿಂದ ಇನ್ನೊಂದು. ಇನ್ನು ಕಾಲಿಟ್ಟು ಬಂದು ನಿಮ್ಮ ಹಾಸಿಗೆಯ ಪಕ್ಕ ಕೂತರೆ? ಅದಕ್ಕೇ ಬರುತ್ತಿಲ್ಲ, ಅತ್ತೆ. ಪ್ರೀತಿಯಿಲ್ಲದೆ ಅಲ್ಲ.

ಮೇಡಂ ಕೇಳಿದ ಪ್ರಶ್ನೆಗೆ ಉತ್ತರವನ್ನು ನಿಮಗೆ ಹೇಳುತ್ತೇನೆ. ಅಧ್ಯಾಯದ ಕೊನೆಯಲ್ಲಿ ಆ ಹುಡುಗಿ ಶವದ ಕಿವಿಗೆ ಬಾಯಿಟ್ಟು ಒಂದು ಸಲ "ಅಮ್ಮಾ" ಎನ್ನುತ್ತಾಳೆ. ಸತ್ತವಳಿಗೆ ಇನ್ನು ಕೇಡಾಗದು, ಇನ್ನು ಎಷ್ಟು ಸಲ ಬೇಕಾದರೂ ಕರೆಯಬಹುದು ಎಂದು. ಅವಳಿಂದ ಆ ಕರೆ ಹೊರಡಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ಹಾಗಾಗಿ ನಿಮ್ಮನ್ನು ಸಾಯಿಸಿದೆ.

ಆಪರೇಷನ್ ಆಗುವವರೆಗೆ ಒಂದು ಸಾಲೂ ಬರೆಯುವುದಿಲ್ಲ. ಧೈರ್ಯವಾಗಿರಿ. ನರ್ಸನ್ನು ಬಯ್ಯಬೇಡಿ.

ದೂರದಿಂದಲೇ ನಿಮ್ಮ ಕಾಲಿಗೆರಗುವ,
ಲೇ ಪೆಂಗ್

ಮತ್ತೆ: ಮೇಲೆ ಹಾಸ್ಟೆಲ್ ಎಂದು ಬರೆದದ್ದು ಸುಳ್ಳು. ಟೆಸ್ಟೂ ಸುಳ್ಳು. ಬುಧವಾರವೇ ಬಸ್ ಹತ್ತಿ ಬಂದೆ. ಇಷ್ಟನ್ನೂ ಬರೆದದ್ದು ನಿನ್ನ ಆಸ್ಪತ್ರೆಯ ಕೆಳಗಿನ ಕ್ಯಾಂಟೀನಿನಲ್ಲಿ ಕೂತು. ಮೆಟ್ಟಿಲ ತನಕ ಹೋಗುತ್ತೇನೆ, ತಿರುಗಿ ಬರುತ್ತೇನೆ. ಈಗ ಚಹಾ ಒಯ್ಯಲು ಬಂದ ಅಣ್ಣ ನನ್ನನ್ನು ನೋಡಿಬಿಟ್ಟ. "ಕತ್ತೆ, ಇಲ್ಲಿದ್ದೀಯಾ? ಮೇಲೆ ಬಾಗಿಲು ಕಿರ್ ಅಂದಾಗಲೆಲ್ಲ ಅವಳು ತಲೆ ಎತ್ತಿ ನೋಡ್ತಾಳೆ. ನಿನ್ನ ಹೆಸರು ಮಾತ್ರ ಎತ್ತಲ್ಲ" ಎಂದ. ಈ ಕಾಗದವನ್ನು ಅವನ ಕೈಗೆ ಕೊಡುತ್ತಿದ್ದೇನೆ. ನೀನು ಇಲ್ಲಿಯವರೆಗೆ ಓದುವ ಹೊತ್ತಿಗೆ ನಾನು ಬಾಗಿಲಲ್ಲಿರುತ್ತೇನೆ. ಬರಬೇಡ ಎಂದರೆ ಒಳಗೆ ಬರುವುದಿಲ್ಲ. ಆದರೆ ಅಲ್ಲಿಂದಲೇ ಒಂದು ಸಲ ಕರೆಯುತ್ತೇನೆ. ಅಮ್ಮಾ, ಓ ಅನ್ನು.