ಎಂಟನೇ ಮೋಟಾರಿನ ಎಣ್ಣೆ

ಸೆಪ್ಟೆಂಬರ್ 4, ಬೆಳಿಗ್ಗೆ 7.15

ಮೂರನೆಯ ಮೋಟಾರೂ ಇವರಿಗೆ ಬೇಡವಂತೆ.

ಹನ್ನೊಂದು ಫೋಟೋ. ಫೋನು ಮೂಗಿಗೆ ಹಿಡಿದು ಒಂದೊಂದನ್ನೂ ಇವರಿಗೆ ವರ್ಣಿಸಿದೆ, ರೇಡಿಯೋದಲ್ಲಿ ಕಾಮೆಂಟರಿ ಹೇಳುವವರ ಹಾಗೆ. ಗಂಟಲು ಒಣಗಿತು. ಬಣ್ಣ ಹೊಸದು, ಫಳಫಳ ಅಂದೆ. ಅಲ್ಲಿಗೇ ಇವರ ಹುಬ್ಬು ಮೇಲೇರಿತು.

“ನೀರಲ್ಲಿ ಮುಳುಗೋ ಕೆಳಗಿನ ಕಾಲಿಗೂ ಪೇಂಟ್ ಹೊಡೆದಿದಾನಾ?”

“ಹೂಂ ರೀ.”

“ಬೋಲ್ಟ್ ತಲೆ ಮೇಲೆ?”

“ಅಲ್ಲೂ ಇದೆ. ಆದ್ರೆ ಅಂಚಲ್ಲಿ ಒಡೆದಿದೆ.”

“ಪೇಂಟ್ ಹೊಡೆದ್ಮೇಲೆ ಮತ್ತೆ ಬಿಚ್ಚಿದಾನೆ. ಏನೋ ಕೆಟ್ಟಿತ್ತು. ಬಿಡು, ಬೇಡ.”

ಹೊರಗೆ ಥಳುಕು, ಒಳಗೆ ಹುಳುಕು. ಒಪ್ಪಿದೆ. ಆದರೆ ಮೊನ್ನೆಯದಕ್ಕೆ ಥಳುಕೂ ಇರಲಿಲ್ಲವಲ್ಲ, ಅದೂ ಬೇಡವಾಯಿತಲ್ಲ!

ನಮ್ಮ ಮೋಟಾರು ಆಗಸ್ಟ್ 29ಕ್ಕೆ ನಡುಹೊಳೆಯಲ್ಲಿ ಪ್ರಾಣ ಬಿಟ್ಟಿತು. ಇಂಜಿನ್ ಬ್ಲಾಕೇ ಬಿರುಕು, ರಿಪೇರಿ ಇಲ್ಲ. ಹದಿನಾಲ್ಕು ಜನ ಪ್ಯಾಸೆಂಜರನ್ನು ಹುಟ್ಟು ಹಾಕಿ ದಡ ಸೇರಿಸಿದೆ. ಕಡವಿನ ಆಫೀಸಿನ ರೂಲು ಏನೆಂದರೆ ಮೂವತ್ತು ದಿನ ದೋಣಿ ಓಡದಿದ್ದರೆ ಹೊಳೆ ದಾಟಿಸುವ ಪರ್ಮಿಟ್ ಲಿಸ್ಟಿನಲ್ಲಿ ಮುಂದಿರುವವರಿಗೆ. ಮುಂದಿರುವವನು ಮೀಸೆ, ಇದೇ ದಡದ ಇನ್ನೊಬ್ಬ ದೋಣಿಯವನು. 28ರೊಳಗೆ ಓಡಿಸಿ ತೋರಿಸಬೇಕು. ಅಪ್ಪ ಹುಟ್ಟು ಹಾಕಿ ಉಳಿಸಿಕೊಂಡ ಕಡವು ಇದು. ಹತ್ತೊಂಬತ್ತು ವರ್ಷದಿಂದ ಚುಕ್ಕಾಣಿ ನನ್ನ ಕೈಲಿದೆ. ಹೊಸ ಮೋಟಾರಿನ ರೇಟು ಕೇಳಿ ಅಂಗಡಿಯಲ್ಲೇ ಕುರ್ಚಿ ಹುಡುಕಿದೆ. ಹಾಗಾಗಿ ಸೆಕೆಂಡ್ ಹ್ಯಾಂಡು, ಆನ್‌ಲೈನು.

ಆಯ್ಕೆ ಇವರದು. ಮೂವತ್ತು ವರ್ಷ ಬೋಟ್ ಮೋಟಾರ್ ಬಿಚ್ಚಿ ಜೋಡಿಸಿದವರು, ಮೋಟಾರ್ ಡಾಕ್ಟ್ರು ಅಂತಲೇ ಹೆಸರು. ಎರಡು ವರ್ಷದಿಂದ ಬಲಗಣ್ಣು ಪೂರ್ತಿ ಕತ್ತಲೆ, ಎಡಗಣ್ಣಿಗೆ ಬೆಳಕು-ನೆರಳು ಅಷ್ಟೇ. ವಿದ್ಯೆ ಅವರದು, ಕಣ್ಣು ನನ್ನದು. ಸಿಟ್ಟು ಇಬ್ಬರದೂ.

ಸೆಪ್ಟೆಂಬರ್ 6, ಮಧ್ಯಾಹ್ನ

ನಾಲ್ಕನೆಯದು. “ಒಬ್ಬರೇ ಓನರ್, ಭಾನುವಾರ ಮಾತ್ರ ಬಳಸಿದ್ದು.” ಈ ಆನ್‌ಲೈನಿನಲ್ಲಿ ಯಾರೂ ಸೋಮವಾರ ದೋಣಿ ಹತ್ತಿದ ಹಾಗೆ ಕಾಣೆ.

ಸ್ಟಾರ್ಟ್ ಮಾಡುವ ವಿಡಿಯೋ ಕಳಿಸಿದ. ಒಂದೇ ಎಳೆತಕ್ಕೆ ಡುರ್ರ್ ಅಂತ ಸ್ಟಾರ್ಟಾಯಿತು. ನನಗಂತೂ ಖುಷಿ. ಇವರು ಫೋನಿನ ಸದ್ದು ಕೇಳಿಸಿಕೊಂಡು, “ಬಿಸಿ ಮಾಡಿಟ್ಟು ತೋರಿಸ್ತಿದಾನೆ. ತಣ್ಣಗಿದ್ದಾಗ ಹೇಗೆ ಏಳುತ್ತೆ ಅನ್ನೋದೇ ಮುಖ್ಯ. ಇಂಜಿನ್ ಹೆಡ್ ಮೇಲೆ ಅಂಗೈ ಇಟ್ಟು ಹತ್ತು ಎಣಿಸೋಕೆ ಹೇಳು, ಸುಡದಿದ್ರೆ ಹಗ್ಗ ಎಳೀಲಿ” ಅಂದರು.

ಹಾಗೇ ಹೇಳಿದೆ. ಅವನು, “ಅಕ್ಕಾ, ನಾನು ಮೋಟಾರ್ ಮಾರ್ತಿದೀನೋ, ಜ್ವರ ನೋಡ್ತಿದೀನೋ?” ಅಂದ. ಫೋನ್ ಇಟ್ಟ. ಬ್ಲಾಕೂ ಮಾಡಿದ.

ಸೆಪ್ಟೆಂಬರ್ 9

ಐದನೆಯದನ್ನು ನಾನೇ ಹೊಡೆದು ಹಾಕಿದೆ. ಮೋಟಾರಿನ ಹಿಂದೆ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರ್, ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷದ ಹಿಂದಿನ ಇಸವಿ! “ಇದು ಮೋಟಾರಿನ ಎಳವೆಯ ಫೋಟೋ ಕಣ್ರೀ” ಅಂದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಹಬ್ಬಾಸ್ ಅಂದರು.

ನಗು ಚೆನ್ನಾಗಿತ್ತು. ಮೋಟಾರು ಮಾತ್ರ ಇಲ್ಲ.

ಸೆಪ್ಟೆಂಬರ್ 13, ಸಂಜೆ

ಆರನೆಯದನ್ನು ಕಣ್ಣಾರೆ ನೋಡಿಬರೋಣ ಅಂತ ಬಸ್ಸಿನಲ್ಲಿ ಮೂರು ಗಂಟೆ ಹೋದೆವು. ನನ್ನ ಕಣ್ಣಾರೆ, ಅಷ್ಟೇ.

ಶೆಡ್ಡಿನಲ್ಲಿ ಡ್ರಮ್ಮಿಗೆ ನೀರು ತುಂಬಿ ಮೋಟಾರ್ ಇಳಿಬಿಟ್ಟು ಓಡಿಸಿದರು. ಇವರು ಹಿಂದಿನಿಂದ ಚಿಮ್ಮುವ ನೀರಿಗೆ ಬೆರಳು ಒಡ್ಡಿ ನಿಂತರು. “ಜೋರಿಲ್ಲ. ಒಳಗೆ ಉಪ್ಪು ಕಟ್ಟಿದೆ. ತಂಪಾಗಲ್ಲ, ಆರು ತಿಂಗಳಲ್ಲಿ ಕಾದು ಸಾಯುತ್ತೆ.” ಮಾರುವವನು ಕಕ್ಕಾಬಿಕ್ಕಿ. ಮೂರು ಗಂಟೆ ಬಸ್ಸು ವಾಪಸ್.

ಬಸ್ಸಿನಲ್ಲಿ ಬಾಯಿ ತಡೆಯಲಿಲ್ಲ. “ನೀವು ಮೋಟಾರ್ ಹುಡುಕ್ತಿದೀರೋ, ತಪ್ಪು ಹುಡುಕ್ತಿದೀರೋ?” ಅಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ. ಇವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಅಲ್ಲಿ ಇವರಿಗೆ ಏನೂ ಕಾಣುವುದಿಲ್ಲ ಅಂತ ನನಗೆ ಗೊತ್ತು. ಹಾಗೆ ಮಾತಾಡಬಾರದಿತ್ತು. ಆದರೂ ಆಡಿದ್ದು ನಿಜವೇ ತಾನೆ?

ಸೆಪ್ಟೆಂಬರ್ 15

ಏಳನೆಯದು — ಪ್ರೊಪೆಲ್ಲರ್ ಶಾಫ್ಟ್ ಸೊಟ್ಟ ಇರಬಹುದಂತೆ. ಇರಬಹುದು! ವಿಡಿಯೋ ನಾಲ್ಕು ಸಲ ನೋಡಿದೆ, ನನಗೆ ನೆಟ್ಟಗೇ ಕಂಡಿತು. “ಅದರ ಸದ್ದು ಸರಿಯಿಲ್ಲ” ಅಂತ ಒಂದೇ ಹಟ.

ಕಡವಿಗೆ ಹೋಗಿದ್ದೆ, ದೋಣಿಯ ನೀರು ಮೊಗೆಯಲು. ಮೀಸೆ ತನ್ನ ದೋಣಿಗೆ ಬಣ್ಣ ಬಳಿಯುತ್ತಿದ್ದಾನೆ. “ಏನಕ್ಕಾ, ಸಿಕ್ತಾ ಮೋಟಾರು?” ಅಂದ. ಅವನ ದನಿಯಲ್ಲಿ ಕೆಟ್ಟತನವಿಲ್ಲ, ಅದೇ ಇನ್ನೂ ಉರಿ. ದಿನಾ ನಮ್ಮ ದೋಣಿ ಹತ್ತುವ ಆಸ್ಪತ್ರೆ ನರ್ಸುಗಳು, ಬ್ಯಾಂಕಿನವರು ಎಲ್ಲಾ ಈಗ ಸೇತುವೆ ಸುತ್ತಿ ಬಸ್ಸಿನಲ್ಲಿ ಹೋಗುತ್ತಿದ್ದಾರೆ. ಒಂದೂಕಾಲು ಗಂಟೆ. ನಾನಾದರೆ ಎಂಟು ನಿಮಿಷ.

ಹದಿಮೂರು ದಿನ ಉಳಿದಿದೆ.

ಸೆಪ್ಟೆಂಬರ್ 17, ಬೆಳಿಗ್ಗೆ 11

ಎಂಟನೆಯದು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಈ ಪುಸ್ತಕದಲ್ಲಾದರೂ.

ಮಾರುವವನು ತಾಳ್ಮೆಯ ಮನುಷ್ಯ. ಹೇಳಿದ್ದೆಲ್ಲ ಮಾಡಿದ. ಹೆಡ್ ಮೇಲೆ ಅಂಗೈ ಇಟ್ಟು ಹತ್ತು ಎಣಿಸಿದ. ಎರಡನೇ ಎಳೆತಕ್ಕೆ ಸ್ಟಾರ್ಟ್. ಮೂರೂ ಸಿಲಿಂಡರಿಗೆ ಗೇಜು ಹಾಕಿ ಒಳಗಿನ ಒತ್ತಡ, ಅದೇ ಕಂಪ್ರೆಷನ್, ತೋರಿಸಿದ, ಮೂರರದೂ ಹತ್ತಿರ ಹತ್ತಿರ. ಬೋಲ್ಟುಗಳ ಪೇಂಟು ಒಡೆದಿಲ್ಲ. ಇವರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಇಷ್ಟು ದಿನದಲ್ಲಿ ಮೊದಲ ಸಲ.

“ಕೊನೇದು. ಗೇರ್ ಆಯಿಲ್ ಎರಡು ತೊಟ್ಟು ಬಿಳೀ ಪೇಪರ್ ಮೇಲೆ ಬಿಟ್ಟು ಫೋಟೋ ಹಾಕೋಕೆ ಹೇಳು.”

ಇವರು ಇದನ್ನು ಪ್ರತಿ ಸಲ ಹೇಳಿ ಹೇಳಿ ನನಗೂ ಬಾಯಿಪಾಠ. ಕಪ್ಪಿದ್ದರೆ ಓಡಿದ ಎಣ್ಣೆ, ತೊಂದರೆಯಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ, ಗೇರು ತುಕ್ಕು.

ಫೋಟೋ ಬಂತು. ಕಾಫಿ ಬಣ್ಣ.

ತಿಳಿ ಕಾಫಿ. ಶೆಡ್ಡಿನ ಹಳದಿ ಬಲ್ಬಿಗೆ ಹಾಗೆ ಕಂಡಿರಬಹುದು ಅಂದುಕೊಂಡೆ. ಅಲ್ಲ, ಅಂದುಕೊಳ್ಳಲಿಲ್ಲ. ಬಲ್ಬಿನ ನೆಪ ಈಗ ಬರೆಯುವಾಗ ಹೊಳೆದದ್ದು.

“ಬಣ್ಣ ಏನು —”

“ಕಪ್ಪು” ಅಂದೆ.

ಇವರು ಕೈಯಿಂದ ಮೊಣಕಾಲು ಉಜ್ಜಿಕೊಂಡರು. ಆಮೇಲೆ, “ಹೂಂ. ತಗೋ” ಅಂದರು.

ಮಧ್ಯಾಹ್ನ 2

ದುಡ್ಡು ಹೋಯಿತು. ಲಾರಿ ಪಾರ್ಸೆಲ್ಲಿಗೆ ಹಾಕಿದ್ದಾನಂತೆ. ನಾಲ್ಕು ದಿನ. ಇವರು ಹಿತ್ತಲಿನಲ್ಲಿ ಯಾರ ಹತ್ತಿರವೋ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಮೆಲ್ಲಗೆ. ಖುಷಿಯಲ್ಲಿ ಯಾರಿಗೋ ಹೇಳುತ್ತಿರಬೇಕು.

ಸೆಪ್ಟೆಂಬರ್ 21

ಬಂತು.

ವರಾಂಡದಲ್ಲಿ ಸ್ಟ್ಯಾಂಡಿಗೆ ಏರಿಸಿದೆವು. ಇವರು ಮೊದಲು ಮೈಯೆಲ್ಲ ಸವರಿದರು, ಮೇಲಿನ ಮುಚ್ಚಳದಿಂದ ಕೆಳಗಿನ ಕಾಲಿನವರೆಗೆ. ನಾನು ಬೇರೆ ಕೆಲಸ ಇದೆ ಅಂತ ಒಳಗೆ ಹೋದೆ. ಕೆಲಸ ಇರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಸ್ಕ್ರೂ ಬಿಚ್ಚುವ ಸದ್ದು. ಹೊರಗೆ ಬಂದೆ. ತಟ್ಟೆಯಲ್ಲಿ ಎಣ್ಣೆ. ಹಳದಿ ಬಲ್ಬೂ ಇಲ್ಲ, ಏನೂ ಇಲ್ಲ, ಹಗಲು ಬೆಳಕು — ಶುದ್ಧ ಕಾಫಿ. ಇವರು ಎರಡು ಬೆರಳಲ್ಲಿ ಉಜ್ಜಿದರು. ಮೂಸಿದರು. ಬಟ್ಟೆಗೆ ಕೈ ಒರೆಸಿಕೊಂಡರು.

“ನೀರು ಸೇರಿದೆ.” ಅಷ್ಟೇ.

ಬೈದಿದ್ದರೆ ಎಷ್ಟೋ ವಾಸಿ. ನಾನೋ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ. ಯಾರೂ ಕೇಳದೆಯೇ ಬಾಯಿ ಬಿಟ್ಟೆ. “ಆ ಮನುಷ್ಯ ಬೇರೆ ಮೋಟಾರಿನ ಎಣ್ಣೆ ಫೋಟೋ ಹಾಕಿರ್ಬೇಕು ರೀ! ಮೋಸಗಾರ!”

“ಇರಬಹುದು” ಅಂದರು.

ಹೇಳಿದ್ದೆಲ್ಲ ಮಾಡಿದ ಒಬ್ಬ ನಿಯತ್ತಿನ ಮನುಷ್ಯನ ಮೇಲೆ ಗೂಬೆ ಕೂರಿಸಿದೆ. ಒಂದು ಸುಳ್ಳಿಗೆ ಇನ್ನೊಂದು. ಏಳು ದಿನ ಉಳಿದಿದೆ. ಕಡವು ಹೋದರೆ ಅದು ನನ್ನಿಂದ. ಉಳಿದರೆ... ಉಳಿಯುವುದು ಹೇಗೆ?

ಸೆಪ್ಟೆಂಬರ್ 22

ಬೆಳಿಗ್ಗೆ ಎದ್ದರೆ ಇವರು ಆಗಲೇ ವರಾಂಡದಲ್ಲಿ ಚಾಪೆ ಹಾಸಿ ಕೂತಿದ್ದರು. ಕೆಳಗಿನ ಕಾಲು ಬಿಚ್ಚಿ ಮಡಿಲಲ್ಲಿ. ಗೇರಿನ ಒಂದೊಂದು ಹಲ್ಲನ್ನೂ ಬೆರಳಿನಿಂದ ಎಣಿಸುತ್ತ ಹೋದರು. ಶಾಫ್ಟಿನ ಮೇಲೆ ಉಗುರು ಎಳೆದರು. “ಗೆರೆ ಬಿದ್ದಿಲ್ಲ. ನೀರು ಹೋಗಿ ಬಹಳ ದಿನ ಆಗಿಲ್ಲ. ನೀರು ತಡೆಯೋ ರಬ್ಬರ್ ಸೀಲ್ ಹಾಕಿದ್ರೆ ಸಾಕು.”

“ಸೀಲ್ ಎಲ್ಲಿಂದ ತರೋದು ಈಗ? ವಾರ ಆಗುತ್ತೆ!”

“ನನ್ನ ಡಬ್ಬೀಲಿ ಹಳೇದು ಒಂದು ಸೆಟ್ ಇದೆ.”

ಅದೃಷ್ಟ. ನನಗೆ ಯೋಗ್ಯತೆ ಇಲ್ಲದ ಅದೃಷ್ಟ. ಸಂಜೆಗೆ ಹಾಕಿ ಮುಗಿಸಿದರು. ಒಮ್ಮೆಯೂ ನನ್ನನ್ನು ಕರೆದು “ಇದು ನೋಡು” ಅನ್ನಲಿಲ್ಲ. ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಯಾರಿಗೆ ಟಾರ್ಚು? ನನಗೇ.

ಹೇಳಿಬಿಡಬೇಕು ಅಂತ ಬಾಯಿಯವರೆಗೆ ಬಂತು. ನುಂಗಿದೆ.

ಸೆಪ್ಟೆಂಬರ್ 25, ಮಧ್ಯಾಹ್ನ

ಹೊಸ ಗೇರ್ ಆಯಿಲ್ ತರಲು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಡಬ್ಬಿ ಕೊಡುತ್ತ, “ಸೀಲ್ ಕರೆಕ್ಟಾಗಿ ಕೂತ್ಕೊಳ್ತಾ?” ಅಂದ.

ಯಾವ ಸೀಲ್ ಅಂದೆ.

“ಅದೇ, ಯಜಮಾನ್ರು ಫೋನ್ ಮಾಡಿ ಹೇಳಿದ್ರಲ್ಲ. ನಮ್ಮಲ್ಲಿ ಇರ್ಲಿಲ್ಲ, ಸಿಟಿಯಿಂದ ತರಿಸಿ ಇಪ್ಪತ್ತಕ್ಕೆ ಅವರ ಕೈಗೇ ತಲುಪಿಸಿದ್ದೆ. ಮೋಟಾರು ಬರೋದ್ರೊಳಗೆ ಬೇಕೇ ಬೇಕು ಅಂದ್ರು.” ಬಿಲ್ ಪುಸ್ತಕ ತಿರುವಿ ತೋರಿಸಿದ. ಆರ್ಡರ್ ತಾರೀಕು 17.

ಹದಿನೇಳು! ನಾನು ‘ಕಪ್ಪು’ ಅಂದ ದಿನ. ಹಿತ್ತಲಿನ ಫೋನು.

ಗೊತ್ತಿತ್ತು ಇವರಿಗೆ. ಗೊತ್ತಿದ್ದೂ “ತಗೋ” ಅಂದರು. ಗೊತ್ತಿದ್ದೂ ನನ್ನ ಮುಂದೆ ಎಣ್ಣೆ ಮೂಸಿದರು. ನಾನು ಆ ಪಾಪದವನನ್ನು ಮೋಸಗಾರ ಅಂದಾಗ “ಇರಬಹುದು” ಅಂದರು!! ಎಂಟು ದಿನ ಒಳಗೊಳಗೇ ಬೆಂದಿದ್ದೇನೆ. ಬೇಯಲಿ ಅಂತ ಬಿಟ್ಟರಲ್ಲ.

ಮಾತಾಡುವುದಿಲ್ಲ ಇವರ ಹತ್ತಿರ.

ಸೆಪ್ಟೆಂಬರ್ 26

ಟ್ರಯಲ್. ಎರಡನೇ ಎಳೆತಕ್ಕೆ ಎದ್ದಿತು. ಆ ದಡಕ್ಕೆ ಹೋಗಿ ಬಂದೆವು. ಹೊಳೆಯ ಮೇಲೆ ನಾನೂ ಇವರೂ ಮೋಟಾರೂ. ಮಾತಾಡಿದ್ದು ಮೋಟಾರು ಮಾತ್ರ.

ಸೆಪ್ಟೆಂಬರ್ 28, ಸಂಜೆ 6

ಪಾಸು. ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಸಾಹೇಬರು ದೋಣಿ ಹತ್ತಿ ಎರಡು ಸುತ್ತು ಹೊಡೆಸಿ ರಿಜಿಸ್ಟರಿಗೆ ಸೀಲು ಒತ್ತಿದರು. ಪರ್ಮಿಟ್ ನಮ್ಮದೇ. ದಡದಲ್ಲಿ ಮೀಸೆ ಕೂಡ ಚಪ್ಪಾಳೆ ತಟ್ಟಿದ. ಸಾಹೇಬರು ಇವರ ಬೆನ್ನು ತಟ್ಟಿ, “ಕಣ್ಣಿಲ್ದೇನೇ ಇಂಥ ಮೋಟಾರ್ ಆರಿಸಿದ್ರಲ್ಲ ಡಾಕ್ಟ್ರೇ!” ಅಂದರು. ಇವರು, “ನೋಡಿದ್ದು ಇವಳು ಸಾರ್” ಅಂದರು.

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ದಾರಿಯಲ್ಲೇ ನಿಲ್ಲಿಸಿ ಕೇಳಿದೆ.

“ಹದಿನೇಳಕ್ಕೇ ಸೀಲ್ ಹೇಳಿದ್ರಂತೆ.”

“ಹೂಂ.”

“ಹೇಗೆ ಗೊತ್ತಾಯ್ತು?”

“ಒಂದು ಬಣ್ಣ ಹೇಳೋಕೆ ನೀನು ಮೂರು ಸಲ ಫೋನ್ ತಿರುಗಿಸ್ತೀಯ. ಹಸಿರು ಅಂತೀಯ, ಅಲ್ಲ ಅಲ್ಲ ನೀಲಿ ಅಂತೀಯ. ಅವತ್ತು ನಾನು ಕೇಳಿ ಮುಗಿಸೋಕೆ ಮುಂಚೆ ಹೇಳಿಬಿಟ್ಟೆ.”

“ಮತ್ತೆ ಬೇಡ ಅನ್ನೋದು ತಾನೆ! ಏಳಕ್ಕೆ ಬೇಡ ಅಂದೋರಿಗೆ ಎಂಟನೇದು ಭಾರವಾ?”

ಇವರು ನನ್ನ ಕಡೆ ತಿರುಗಿದರು. “ಬೇಡ ಅನ್ನೋಕೆ ಕಣ್ಣು ಬೇಕಾಗಿಲ್ಲ ಕಣೇ. ಹೂಂ ಅನ್ನೋಕೆ ಬೇಕು. ಏಳನೇದೂ ಚೆನ್ನಾಗೇ ಇತ್ತೇನೋ. ನನಗೆ ಧೈರ್ಯ ಸಾಲ್ಲಿಲ್ಲ. ಎಂಟನೇದಕ್ಕೆ ನೀನು ಧೈರ್ಯ ಮಾಡಿದೆ. ಸರಿ, ಹಾಳಾಗಿರೋದು ಸೀಲ್ ತಾನೆ, ಹಾಕ್ಕೊಳ್ಳೋಣ ಅಂತ ನಾನೂ ಸುಮ್ಮನಾದೆ.”

“ನನಗೆ ಹೇಳಬಹುದಿತ್ತಲ್ಲ.”

“ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ನೀನು ಬೇಗ ಹೇಳಿದ್ದನ್ನ ನಾನು ಯಾವತ್ತೂ ಕೆದಕಿಲ್ಲ.”

ನಗುತ್ತ ಹೇಳಿದರು. ನನಗೂ ಸಿಟ್ಟಿನ ನಡುವೆ ನಗು ಬಂತು. ಕೈ ಹಿಡಿದುಕೊಂಡು ಮನೆಗೆ ಬಂದೆವು.

ಬರೆಯಲು ಕೂತ ಮೇಲೆ ಆ ‘ಬೇಗ ಹೇಳಿದ್ದು’ ಮತ್ತೆ ಕಿವಿಗೆ ಬಿತ್ತು. ಜೂನ್ ತಿಂಗಳು, ಕಣ್ಣಾಸ್ಪತ್ರೆ. ಇವರನ್ನು ಬೆಂಚಿನ ಮೇಲೆ ಕೂರಿಸಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಅವರು ಹೇಳಿದ್ದನ್ನು ನಾನು ಈ ಪುಸ್ತಕದಲ್ಲೂ ಬರೆದಿಲ್ಲ. ಹೊರಗೆ ಬಂದಾಗ ಇವರು “ಎಡಗಣ್ಣು ಏನಂತೆ —” ಅಂದರು. ಮಾತು ಮುಗಿಯುವ ಮೊದಲೇ ನಾನು, “ಡ್ರಾಪ್ಸ್ ಹಾಕ್ತಾ ಇದ್ರೆ ವರ್ಷದಲ್ಲಿ ದೃಷ್ಟಿ ವಾಪಸ್ ಬರುತ್ತಂತೆ” ಅಂದೆ. ಅವತ್ತೂ ಇವರು ಕೈಯಿಂದ ಮೊಣಕಾಲು ಉಜ್ಜಿಕೊಂಡರು. ಆಮೇಲೆ ಬಸ್ಸಿನಲ್ಲಿ ಉದ್ದಕ್ಕೂ ತಮಾಷೆ ಮಾಡಿ ನಗಿಸಿದರು. ಅಂದಿನಿಂದ ದಿನಕ್ಕೆ ಮೂರು ಸಲ ಮುಖ ಮೇಲೆತ್ತಿ ಕೂರುತ್ತಾರೆ, ನಾನು ಹಾಕುತ್ತೇನೆ. ಒಂದು ದಿನವೂ ಬೇಡ ಅಂದಿಲ್ಲ, ಕೆದಕಿಲ್ಲ.

ಒಳಗಿಂದ ಕರೆಯುತ್ತಿದ್ದಾರೆ. “ಲೇ, ಡ್ರಾಪ್ಸ್ ಟೈಮಾಯ್ತು.” ಕುರ್ಚಿ ಎಳೆದುಕೊಂಡ ಸದ್ದು. ತಲೆ ಹಿಂದಕ್ಕೆ ವಾಲಿಸಿ ಕಾಯುತ್ತಿರುತ್ತಾರೆ. ಈಗ ಹೋಗಿ ಆ ಮುಖದ ಮುಂದೆ ನಿಂತು ನಾನು ಹೇಗೆ —