ಈ ನೆಲ ನನಗೂ ಒಗ್ಗಿತು

ಶಿರಾ
೧೪ ಫೆಬ್ರವರಿ ೧೯೬೯

ಪ್ರೀತಿಯ ಅಮ್ಮಾ,

ಜಗದಾಂಬಳ ನಮಸ್ಕಾರಗಳು. ನಿನ್ನ ಮೊಣಕಾಲು ನೋವು ಹೇಗಿದೆ? ದಾದರಿನ ಆ ಮೂರು ಮಹಡಿ ಹತ್ತಿ ಇಳಿಯುವುದನ್ನು ಕಡಿಮೆ ಮಾಡು, ತರಕಾರಿಗೆ ತಂಗಿ ಮಂಗಳಾಳನ್ನು ಕಳಿಸು. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ. ಮಗು ಹೊಟ್ಟೆಯಲ್ಲೇ ತೀರಿಕೊಂಡ ಮೇಲೆ ನಿನಗೆ ಬರೆದ ಕಾಗದಗಳಲ್ಲಿ ಅಳು ಬಿಟ್ಟು ಬೇರೇನೂ ಇರಲಿಲ್ಲ. ಇವತ್ತು ಬೇರೆ ಸುದ್ದಿ ಇದೆ.

ಬೆಂಗಳೂರಿನಿಂದ ರಾಜಲಕ್ಷ್ಮಮ್ಮ ಎಂಬ ಲೇಡಿ ಡಾಕ್ಟರು ಬಂದು ಹೆರುವ ವಯಸ್ಸಿನ ಹೆಂಗಸರ ರಕ್ತ ತೆಗೆದುಕೊಂಡು ಹೋಗಿದ್ದರು. ಇಲ್ಲೇ ಹುಟ್ಟಿ ಬೆಳೆದವರದೂ ಬೇಕು, ನನ್ನಂತೆ ಹೊರಗಿನಿಂದ ಬಂದ ಸೊಸೆಯರದೂ ಬೇಕು ಅಂದರು. ಸೂಜಿಗೆ ಹೆದರಿ ಹಿಂದೆ ನಿಂತಿದ್ದ ನನ್ನನ್ನು ಪಕ್ಕದ ಮನೆಯ ಅಮೀರ್ ಬಿ ಕೈ ಹಿಡಿದು ಕರೆದುಕೊಂಡು ಹೋದಳು. ಐದು ಮಕ್ಕಳ ತಾಯಿ ಅವಳು, ಈ ಊರಿನವಳೇ. ಮೊನ್ನೆ ಡಾಕ್ಟರು ಮತ್ತೆ ಬಂದು ನನ್ನನ್ನೂ ಅತ್ತೆಯನ್ನೂ ಆಸ್ಪತ್ರೆಗೆ ಕರೆಸಿ ಕೂರಿಸಿಕೊಂಡು, ಮಗು ಯಾಕೆ ಹೋಯಿತು ಅಂತ ವಿವರಿಸಿದರು. ಟಾಕ್ಸೋಪ್ಲಾಸ್ಮ ಅಂತ ಒಂದು ರೋಗಾಣುವಂತೆ. ಹೆಸರು ಬರೆಯುವುದನ್ನು ಅವರೇ ಹೇಳಿಕೊಡಬೇಕಾಯಿತು. ಅರೆಬೆಂದ ಮಾಂಸದಿಂದ ಬರುತ್ತದಂತೆ, ಬೆಕ್ಕಿನ ಮೇಲೂ ಅನುಮಾನವಂತೆ. ನಮ್ಮದು ಮಾಂಸ ತಿನ್ನುವ ಮನೆಯಲ್ಲ. ಆದರೆ ನಾನು ದಿನವೂ ಕೈಯಾಡಿಸುತ್ತಿದ್ದ ಹಿತ್ತಲ ಸೊಪ್ಪಿನ ಮಡಿಯನ್ನು ಬೀದಿಯ ಬೆಕ್ಕುಗಳೆಲ್ಲ ಬಂದು ಕೆದಕಿ ಹೊಲಸು ಮಾಡುತ್ತವೆ. ಅಮೀರ್ ಬಿಗೆ ಅದು ಚಿಕ್ಕಂದಿನಲ್ಲೇ ತಗುಲಿ, ಗೊತ್ತೇ ಆಗದಂತೆ ವಾಸಿಯಾಗಿ, ಮೈ ತಡೆದುಕೊಳ್ಳಲು ಕಲಿತಿರಬೇಕು. ಬೊಂಬಾಯಿಯ ಮಹಡಿ ಮನೆಯಲ್ಲಿ ಮಣ್ಣು ಮುಟ್ಟದೆ ಬೆಳೆದ ನನಗೆ ಮೊದಲ ಸಲ ತಗುಲಿದ್ದೇ ಬಸುರಿಯಾಗಿದ್ದಾಗ. ನಾಲ್ಕನೇ ತಿಂಗಳಲ್ಲಿ ಜ್ವರ ಬಂದು ಕತ್ತಿನಲ್ಲಿ ಗಂಟು ಕಟ್ಟಿತ್ತು ಅಂತ ಬರೆದಿದ್ದೆನಲ್ಲ, ಅದೇ ಇರಬೇಕು ಅಂದರು.

ನಾನು ಕೇಳಿದ್ದು ಒಂದೇ ಮಾತು, "ಮುಂದಿನದಕ್ಕೂ ಹೀಗೇ ಆಗುತ್ತಾ?" ಅಂತ. ಡಾಕ್ಟರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಈಗ ನಿನ್ನ ರಕ್ತಕ್ಕೂ ಆ ಶಕ್ತಿ ಬಂದಿದೆಯಮ್ಮ. ಈ ರೋಗ ಇನ್ನೊಂದು ಮಗುವಿನ ತನಕ ಹೋಗೋದು ತೀರಾ ಅಪರೂಪ" ಅಂದರು. ನಮ್ಮತ್ತೆ ಇಷ್ಟು ದಿನ ಬಂದವರ ಹತ್ತಿರವೆಲ್ಲ, "ದೂರದ ಹೆಣ್ಣು ಕಣಮ್ಮ, ಈ ನೆಲ ಒಗ್ಗಲಿಲ್ಲ" ಅನ್ನುತ್ತಿದ್ದವರು. ಅವತ್ತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಂಗಾದ್ರೆ ನಮ್ಮ ಹುಡುಗೀದು ಏನೂ ತಪ್ಪಿಲ್ಲ ಬುಡಿ" ಅಂದರು. ನಮ್ಮ ಹುಡುಗಿ ಅಂದರಮ್ಮ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮಾರನೇ ದಿನವೇ ಇವರು ಸೊಪ್ಪಿನ ಮಡಿಗೆ ಮುಳ್ಳಿನ ಬೇಲಿ ಕಟ್ಟಿದರು. ನಾನು ಹತ್ತಿರ ಹೋಗಿ ನಿಂತು, ಬಹಳ ದಿನಗಳ ಮೇಲೆ ಇವರ ಜೊತೆ ಏನೇನೋ ಮಾತಾಡಿ ನಕ್ಕೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ನೀನು ಮೊಣಕಾಲಿನ ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು,
ಜಗದಾಂಬ

ಇವರು ಟಪಾಲಿಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಇನ್ನೊಂದು ಮಾತು. ಇಲ್ಲೇ ನಮ್ಮೂರ ಹತ್ತಿರದ ಹುಲಿಕುಂಟೆಯ ಚನ್ನಮಲ್ಲಯ್ಯನವರು ಮಗನಿಗೆ ಮಂಗಳಾಳನ್ನು ಕೇಳಿದಾಗ, ನನಗಾದದ್ದನ್ನು ನೆನೆದು ನೀನು ಒಲ್ಲೆ ಅಂದೆಯಂತೆ. ಅವಳಿಗೆ ಆ ಹುಡುಗ ಇಷ್ಟ, ನನಗೆ ಬರೆದಿದ್ದಾಳೆ. ಒಪ್ಪಿಕೋ ಅಮ್ಮಾ. ಅವಳು ಬಂದ ಕೂಡಲೇ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಏನು ಮುಟ್ಟಬಾರದು, ಯಾವುದನ್ನು ತೊಳೆದು ತಿನ್ನಬೇಕು ಅಂತ ನನಗೆ ಹೇಳುವವರು ಯಾರೂ ಇರಲಿಲ್ಲ. ಅವಳಿಗೆ ನಾನಿದ್ದೇನೆ.